ಮೊಬೈಲಿನ ಛಾಯಾಚಿತ್ರಗಳನ್ನು ಲಿನಕ್ಸ್ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆ

ಈ ಸ್ಮರಣ ಸಂಚಿಕೆಗೆ ಛಾಯಾಚಿತ್ರಗಳನ್ನು ಕಳುಹಿಸಿಕೊಡಬೇಕೆಂದು ಪೂರ್ವ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ನಾವು ಪತ್ರ ಬರೆದಾಗ, ಹಿಂದಿನ ಸಂಚಿಕೆಗಳ ಕಾಲದಲ್ಲಿ ಬಂದಂತೆಯೇ ಲಕೋಟೆಗಳು ಬರುವವೆಂದೆಣಿಸಿ ಕಚೇರಿಯ ಒಂದು ಕಪಾಟನ್ನು ಬರಿದುಮಾಡಿ ಇಟ್ಟಿದ್ದೆವು. ಬಂದ ಲಕೋಟೆಗಳು ಮೂರು ಮಾತ್ರ. ಉಳಿದವರೆಲ್ಲರೂ ಕೈಯಲ್ಲಿ ಮೊಬೈಲ್ ಫೋನ್ ಹಿಡಿದುಕೊಂಡು ತಾವೇ ಬಂದರು. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಹುಡುಗಿಯರು ಬಂದರು. ಎಲೆಕ್ಟ್ರಾನಿಕ್ ಸಿಟಿಯಿಂದ ಎರಡು ಬಸ್ಸು ಬದಲಿಸಿ ಬಂದವರುಂಟು. ಪೀಣ್ಯದ ಕಾರ್ಖಾನೆಗಳಿಂದ ವಾರದ ರಜೆಯ ದಿನ ನೋಡಿಕೊಂಡು ಬಂದ ತಂದೆತಾಯಿಗಳೂ ಉಂಟು. ಬಂದವರು ಫೋನಿಗೆ ಕೇಬಲ್ ಸಿಕ್ಕಿಸಿ ನಮ್ಮ ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನು ಕಣ್ಣರಳಿಸಿ ನೋಡಿ, ಕೊನೆಗೆ ಹೇಳಿದ ಮಾತು ಒಂದೇ: "ಮೇಡಂ, ನಿಮ್ಮ ಕಂಪ್ಯೂಟರಿಗೆ ನಮ್ಮ ಫೋನು ಕಾಣಿಸುವುದೇ ಇಲ್ಲವಲ್ಲ!" ಈ ಮಾತನ್ನು ಎಷ್ಟು ಸಾರಿ ಕೇಳಿದೆವೋ ಲೆಕ್ಕವಿಡಲಿಲ್ಲ. ಅದಕ್ಕೆ ಒಂದೊಂದಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆದು ತಿಳಿಸುವುದೇ ಮೇಲೆಂದು ತೋರಿ ಈ ಲೇಖನಕ್ಕೆ ಕೈಹಾಕಿದ್ದೇವೆ.

ಮೊದಲು, ನಮ್ಮ ಪಾಠಶಾಲೆಯ ಕಂಪ್ಯೂಟರುಗಳು ಬೇರೆಯವರ ಕಂಪ್ಯೂಟರುಗಳಂತೆ ಏಕಿಲ್ಲವೆಂಬುದನ್ನು ಹೇಳಬೇಕು. ನಮ್ಮ ಪ್ರಯೋಗಶಾಲೆಯಲ್ಲಿರುವ ಹದಿನಾಲ್ಕು ಯಂತ್ರಗಳೂ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯವರು ತಮಗೆ ಹಳೆಯವಾದುವೆಂದು ದಾನವಾಗಿ ಕೊಟ್ಟವು. ಅವುಗಳಲ್ಲಿ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆ ನಡೆಯುತ್ತಿತ್ತು. ಮೈಕ್ರೋಸಾಫ್ಟ್ ಕಂಪನಿಯವರು ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ನೆಯ ಇಸವಿ ಅಕ್ಟೋಬರ್ 14ರಂದು ನಿಲ್ಲಿಸಿದರು. ಮುಂದಿನದಾದ ವಿಂಡೋಸ್ 11 ಅನ್ನು ಹಾಕೋಣವೆಂದರೆ, ಅದು ಕೇಳುವ ಭದ್ರತಾ ಚಿಪ್ಪೂ ಹೊಸ ಬಗೆಯ ಪ್ರೊಸೆಸರೂ ಈ ಹಳೆಯ ಯಂತ್ರಗಳಲ್ಲಿಲ್ಲ. ಹದಿನಾಲ್ಕು ಹೊಸ ಯಂತ್ರಗಳನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಓಡುವ ಯಂತ್ರವನ್ನು ಗುಜರಿಗೆ ಹಾಕುವ ಮನಸ್ಸೂ ನಮಗಿಲ್ಲ. ಹೀಗಿರಲು ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರತಕ್ಕವಳು, ಎರಡು ಶನಿವಾರ ಬಂದು ಕುಳಿತು ಎಲ್ಲ ಯಂತ್ರಗಳಿಗೂ ಲಿನಕ್ಸ್ ಮಿಂಟ್ ಎಂಬುದನ್ನು ತುಂಬಿಕೊಟ್ಟಳು. ಅದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಅವಳ ಊಟ ಮಾತ್ರ ನಮ್ಮ ಹಾಸ್ಟೆಲಿನಲ್ಲಾಯಿತು.

ಲಿನಕ್ಸ್ ಎಂಬುದು ಕೇಳದ ಹೆಸರೆಂದು ಕೆಲವು ತಂದೆತಾಯಿಗಳು ಸಂದೇಹಪಟ್ಟರು. ಮಕ್ಕಳು ಮುಂದೆ ಕೆಲಸಕ್ಕೆ ಹೋದಾಗ ಇದರಿಂದ ಹಿಂದುಳಿಯುವರೇನೋ ಎಂದು ಒಬ್ಬರು ಕೇಳಿಯೂ ಕೇಳಿದರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದರ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟನು. ಅಂದಿನಿಂದ ಸಾವಿರಾರು ಜನ ಅದನ್ನು ಬೆಳೆಸುತ್ತ ಬಂದಿದ್ದಾರೆ. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಕೂಡಿ ಹಳ್ಳಿಯ ಜನರಿಗಾಗಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವೂ ಲಿನಕ್ಸಿನಲ್ಲಿಯೇ ನಡೆಯಿತು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಪಾಠಶಾಲೆಗಳಲ್ಲಿ ಹೈಸ್ಕೂಲಿನ ಮಕ್ಕಳು ಕಂಪ್ಯೂಟರ್ ಪಾಠವನ್ನು ಕಲಿಯುವುದು ಇದರಲ್ಲಿಯೇ. ಕೇರಳ ಸರಕಾರದ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯು, 2017ರಿಂದ ಕೈಟ್ ಎಂಬ ಹೆಸರಿನ ಸಂಸ್ಥೆಯು, ಇದನ್ನು ನಡೆಸಿಕೊಂಡು ಬಂದಿದೆ. ಅಲ್ಲಿನ ಕನ್ನಡದ ಮಕ್ಕಳಿಗೆ ಸಾಮಾನ್ಯವಾದದ್ದು ಇಲ್ಲಿನ ನಮ್ಮ ಮಕ್ಕಳಿಗೆ ವಿಚಿತ್ರವಾಗಿ ಕಾಣುವುದಕ್ಕೆ ಅಭ್ಯಾಸವೊಂದೇ ಕಾರಣವಲ್ಲದೆ ಬೇರೆ ಕಾರಣವಿಲ್ಲ. ಇನ್ನೂ ಒಂದು ತಮಾಷೆಯುಂಟು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳು ಕೂಡ ಲಿನಕ್ಸೇ. ಒಂದೇ ವಂಶದ ಎರಡು ಯಂತ್ರಗಳು ಒಂದನ್ನೊಂದು ಗುರುತಿಸದೆ ನಿಂತಿರುವುದನ್ನೇ ನೀವು "ಕಾಣಿಸುವುದಿಲ್ಲ" ಎಂದದ್ದು.

ಇನ್ನು ಕಾರಣಗಳಿಗೆ ಬರೋಣ. ನಮ್ಮ ಅನುಭವದಲ್ಲಿ ಮೊದಲನೆಯ ತಪ್ಪು ಬಹುಮಟ್ಟಿಗೆ ಕಂಪ್ಯೂಟರಿನದೂ ಅಲ್ಲ, ಫೋನಿನದೂ ಅಲ್ಲ, ಕೇಬಲ್ಲಿನದು. ಸಾಮಾನ್ಯವಾದ ಯು.ಎಸ್.ಬಿ. ಕೇಬಲ್ಲಿನೊಳಗೆ ವಿದ್ಯುತ್ತನ್ನು ಒಯ್ಯುವ ಎರಡು ತಂತಿಗಳೂ ಮಾಹಿತಿಯನ್ನು ಒಯ್ಯುವ ಎರಡು ತಂತಿಗಳೂ ಇರತಕ್ಕದ್ದು. ಅಗ್ಗವಾಗಿ ಸಿಕ್ಕುವ ಕೆಲವು ಕೇಬಲ್ಲುಗಳಲ್ಲಿ, ಕೆಲವು ಪವರ್ ಬ್ಯಾಂಕುಗಳ ಸಂಗಡ ಬರುವವುಗಳಲ್ಲಿ, ಮಾಹಿತಿಯ ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಅಂಥ ಕೇಬಲ್ಲಿನಿಂದ ಫೋನು ಚಾರ್ಜ್ ಆಗುತ್ತಲೇ ಇರುತ್ತದೆ. ಆದಕಾರಣ ಕೇಬಲ್ ಸರಿಯಾಗಿದೆಯೆಂದೇ ಎಲ್ಲರೂ ನಂಬುತ್ತಾರೆ. ಫೋನು ಕೊಂಡಾಗ ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ತರುವುದು ಲೇಸು. ಅದನ್ನು ಕಂಪ್ಯೂಟರಿನ ಹಿಂಭಾಗದ ರಂಧ್ರಕ್ಕೆ ಸಿಕ್ಕಿಸಿ ನೋಡತಕ್ಕದ್ದು; ಮುಂಭಾಗದ ರಂಧ್ರಗಳು ನಮ್ಮ ಯಂತ್ರಗಳಲ್ಲಿ ಮಕ್ಕಳ ಕೈಗೆ ಸಿಕ್ಕಿ ಸಡಿಲವಾಗಿವೆ.

ಎರಡನೆಯದು ಫೋನಿನ ಬಾಗಿಲು ಮುಚ್ಚಿರುವುದು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ತಿಳಿಯದು. ಸುಮಾರು 2011ಕ್ಕೆ ಮೊದಲಿನ ಆಂಡ್ರಾಯ್ಡ್ ಫೋನುಗಳು ತಮ್ಮ ಮೆಮೊರಿ ಕಾರ್ಡನ್ನು ಪೆನ್ ಡ್ರೈವಿನಂತೆ ಪೂರ್ತಿಯಾಗಿ ಕಂಪ್ಯೂಟರಿಗೆ ಒಪ್ಪಿಸಿಬಿಡುತ್ತಿದ್ದವು. ಪುಸ್ತಕಭಂಡಾರದ ಬೀಗದ ಕೈಯನ್ನೇ ಓದುಗನಿಗೆ ಕೊಟ್ಟು ಗ್ರಂಥಪಾಲಕಿ ಹೊರಗೆ ಬಂದು ನಿಂತಂತೆ ಅದು. ಓದುಗನು ಒಳಗಿರುವಷ್ಟು ಹೊತ್ತು ಗ್ರಂಥಪಾಲಕಿಗೆ ತನ್ನ ಪುಸ್ತಕವೇ ಸಿಕ್ಕದು. ಹೇಳದೆ ಕೇಳದೆ ಅವನು ಎದ್ದುಹೋದರೆ ಪುಸ್ತಕಗಳು ಚೆಲ್ಲಾಪಿಲ್ಲಿಯಾಗುವವು. ಇದನ್ನು ತಪ್ಪಿಸಲು ಬಂದದ್ದು ಎಂ.ಟಿ.ಪಿ. ಎಂಬ ಹೊಸ ಕ್ರಮ. ಡಿಜಿಟಲ್ ಕ್ಯಾಮರಾಗಳಿಗಾಗಿ ಮೊದಲೇ ಇದ್ದ ಪಿ.ಟಿ.ಪಿ. ಎಂಬುದನ್ನು ಬೆಳೆಸಿ ಮೈಕ್ರೋಸಾಫ್ಟಿನವರು ಇದನ್ನು ಮಾಡಿದರು. ಇದರಲ್ಲಿ ಗ್ರಂಥಪಾಲಕಿ ಕಟಕಟೆಯ ಹಿಂದೆ ತಾನೇ ನಿಂತಿರುತ್ತಾಳೆ. ಓದುಗನು ಪಟ್ಟಿಯನ್ನು ಕೇಳಬೇಕು, ಪುಸ್ತಕದ ಹೆಸರು ಹೇಳಬೇಕು, ಅವಳು ಒಂದೊಂದಾಗಿ ತಂದುಕೊಡುತ್ತಾಳೆ. ಲಿನಕ್ಸಿನಲ್ಲಿ ಹೀಗೆ ಕೇಳುವ ಕೆಲಸವನ್ನು ಲಿಬ್‌ಎಂಟಿಪಿ ಎಂಬ ಒಂದು ಸಣ್ಣ ಗುಮಾಸ್ತ ಮಾಡುತ್ತಾನೆ. ಮಿಂಟಿನಲ್ಲಿಯೂ ಉಬುಂಟುವಿನಲ್ಲಿಯೂ ಅವನು ಮೊದಲೇ ಇರುತ್ತಾನೆ, ನಾವು ಕರೆತರಬೇಕಾದ್ದಿಲ್ಲ.

ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ತೊಡಕುಗಳೆಲ್ಲವೂ ತಾವಾಗಿ ಬಿಡಿಸಿಕೊಳ್ಳುವವು. ಫೋನು ಲಾಕ್ ಆಗಿದ್ದರೆ ಗ್ರಂಥಾಲಯದ ಬಾಗಿಲು ಮುಚ್ಚಿದಂತೆ. ಕಂಪ್ಯೂಟರಿನಲ್ಲಿ ಫೋನಿನ ಹೆಸರು ಕಂಡರೂ ಒಳಗೆ ಬರಿದಾಗಿ ತೋರುವುದು. ಆದ್ದರಿಂದ ಮೊದಲು ಲಾಕ್ ತೆಗೆಯಬೇಕು. ಕೇಬಲ್ ಜೋಡಿಸಿದೊಡನೆ ಫೋನು "ಚಾರ್ಜಿಂಗ್ ಮಾತ್ರ" ಎಂಬ ಸ್ಥಿತಿಯಲ್ಲಿರುತ್ತದೆ. ಇದು ಕಳ್ಳರಿಂದ ಕಾಪಾಡಲು ಮಾಡಿದ ಏರ್ಪಾಡು. ಪರದೆಯ ಮೇಲುತುದಿಯಿಂದ ಬೆರಳನ್ನು ಕೆಳಕ್ಕೆ ಎಳೆದರೆ ಸೂಚನೆಗಳ ಪಟ್ಟಿ ಇಳಿಯುತ್ತದೆ, ಅಲ್ಲಿ ಯು.ಎಸ್.ಬಿ. ಎಂಬ ಸಾಲನ್ನು ಒತ್ತಿ "ಫೈಲ್ ಟ್ರಾನ್ಸ್‌ಫರ್" ಎಂಬುದನ್ನು ಆರಿಸತಕ್ಕದ್ದು. ಸಾವಿರಾರು ಚಿತ್ರಗಳಿದ್ದರೆ ಪಟ್ಟಿ ಬರುವುದಕ್ಕೇ ಒಂದೆರಡು ನಿಮಿಷ ಹಿಡಿಯುವುದುಂಟು. ಆಗ ಕೇಬಲ್ಲನ್ನು ಕಿತ್ತು ಮತ್ತೆ ಮತ್ತೆ ಸಿಕ್ಕಿಸುವ ನಮ್ಮವರ ಆತುರದಿಂದ ಕೆಲಸ ಕೆಡುತ್ತದೆ. ಫೋನು ಸಿಕ್ಕಿಸಿದಾಗ ಕೆಲವು ಸಲ ಚಿತ್ರಗಳನ್ನು ತೋರಿಸುವ ಬೇರೊಂದು ಪ್ರೋಗ್ರಾಂ ತಾನಾಗಿ ತೆರೆದುಕೊಳ್ಳುತ್ತದೆ. ಕಟಕಟೆಯ ಮುಂದೆ ಒಬ್ಬನು ನಿಂತಿರುವಾಗ ಇನ್ನೊಬ್ಬನಿಗೆ ಸರದಿ ಸಿಕ್ಕದು, "ತೆರೆಯಲಾಗಲಿಲ್ಲ" ಎಂಬ ಉತ್ತರ ಬರುತ್ತದೆ. ಆ ಪ್ರೋಗ್ರಾಮನ್ನು ಮುಚ್ಚಿ, ಫೋನನ್ನು ಒಮ್ಮೆ ಬಿಡಿಸಿ ಜೋಡಿಸಿದರೆ ಸರಿಹೋಗುತ್ತದೆ.

ಒಳಗೆ ಹೋದ ಮೇಲೆ ಹುಡುಕತಕ್ಕ ಫೋಲ್ಡರಿನ ಹೆಸರು ಡಿಸಿಐಎಂ. ಅದರೊಳಗಿನ ಕ್ಯಾಮರಾ ಎಂಬುದರಲ್ಲಿ ನೀವು ತೆಗೆದ ಚಿತ್ರಗಳೆಲ್ಲವೂ ಇರುತ್ತವೆ. ವಾಟ್ಸಾಪಿನಲ್ಲಿ ಬಂದವು ಬೇರೆ ಕಡೆಯಲ್ಲಿರುತ್ತವೆ. ಈಚಿನ ಫೋನುಗಳಲ್ಲಿ ಆಂಡ್ರಾಯ್ಡ್ ಎಂಬ ಫೋಲ್ಡರಿನೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಎಂದು ಹುಡುಕಬೇಕು. ಆದರೆ ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಅಚ್ಚಿಗೆ ಕೊಡುವವರು ಒಂದು ಮಾತನ್ನು ತಿಳಿದಿರಬೇಕು: ಅದು ಕಳುಹಿಸುವಾಗ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಫೋನಿನಲ್ಲಿ ಚೆನ್ನಾಗಿ ಕಂಡ ಗುಂಪುಚಿತ್ರ ಪುಟದಗಲಕ್ಕೆ ಅಚ್ಚಾದಾಗ ಹಿಂದಿನ ಸಾಲಿನ ಹುಡುಗಿಯರಿಗೆ ಕಣ್ಣುಮೂಗುಗಳೇ ಇರುವುದಿಲ್ಲ. ಹಾಗೆಯೇ ಕಳುಹಿಸಬೇಕಾದರೆ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲಚಿತ್ರವೇ ಬರುತ್ತದೆ.

ಚಿತ್ರಗಳನ್ನು ಆರಿಸಿ ಕಾಪಿ ಮಾಡತಕ್ಕದ್ದು, ಕಟ್ ಮಾಡಬಾರದು. ಇದನ್ನು ನಾವು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ನಮ್ಮದೇ ಒಂದು ಅಪರಾಧ ಕಾರಣ. ಕಳೆದ ಸಾಲಿನ ಕ್ರೀಡಾದಿನದ ಚಿತ್ರಗಳನ್ನು ಪಾಠಶಾಲೆಯ ಫೋನಿನಿಂದ ಇಳಿಸುತ್ತಿದ್ದಾಗ ನಡುವೆ ಕೇಬಲ್ ಅಲುಗಿತು. ಪರದೆಯ ಮೇಲೆ ಏನೋ ಒಂದು ತಪ್ಪಿನ ಸೂಚನೆ ಬಂತು. ಮಕ್ಕಳು ಒಪ್ಪಿಸಿದ ಉತ್ತರಪತ್ರಿಕೆಯನ್ನು ಓದದೆ ಅಂಕ ಹಾಕುವ ಉಪಾಧ್ಯಾಯಿನಿಯನ್ನು ನಾವು ಎಂದಿಗೂ ಕ್ಷಮಿಸೆವು. ಆ ಸೂಚನೆಯನ್ನು ಮಾತ್ರ ನಾವು ಓದದೆಯೇ "ಸ್ಕಿಪ್" ಎಂಬುದನ್ನು ಒತ್ತಿದೆವು. ಎಲ್ಲವೂ ಬಂದಿದೆಯೆಂದುಕೊಂಡು ಫೋನಿನಲ್ಲಿದ್ದವುಗಳನ್ನು ಅಳಿಸಿದೆವು. ಫೋನಿನ ಕಸದ ಬುಟ್ಟಿಯನ್ನೂ ಬರಿದುಮಾಡಿದೆವು. ವಾರ ಕಳೆದ ಮೇಲೆ ನೋಡಿದರೆ ಕೊನೆಯ ಹನ್ನೊಂದು ಚಿತ್ರಗಳು ಹೆಸರಿಗೆ ಮಾತ್ರ ಇದ್ದವು, ಗಾತ್ರ ಸೊನ್ನೆ. ರಿಲೇ ಓಟದಲ್ಲಿ ಗೆದ್ದ ನಾಲ್ವರು ಹುಡುಗಿಯರು ಬಹುಮಾನ ತೆಗೆದುಕೊಂಡ ಚಿತ್ರ ಅವುಗಳಲ್ಲಿ ಒಂದು. ಈ ಸಂಚಿಕೆಯಲ್ಲಿ ಅದು ಇಲ್ಲದಿರುವುದಕ್ಕೆ ಆ ನಾಲ್ವರ ಕ್ಷಮೆಯನ್ನು ಬೇಡುತ್ತೇವೆ. ಅಂದಿನಿಂದ ನಮ್ಮ ನಿಯಮವೇನೆಂದರೆ, ಕಾಪಿ ಮಾಡಿದ ಮೇಲೆ ಎರಡು ಕಡೆಯ ಚಿತ್ರಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಹೋಲಿಸಿ ನೋಡುವುದು. ಕೊನೆಯ ನಾಲ್ಕೈದು ಚಿತ್ರಗಳನ್ನು ತೆರೆದು ನೋಡುವುದು. ಇನ್ನೊಂದು ಪೆನ್ ಡ್ರೈವಿನಲ್ಲಿ ಪ್ರತಿ ಇಟ್ಟುಕೊಳ್ಳುವುದು. ಆಮೇಲೆ, ಬೇಕೇ ಬೇಕೆಂದರೆ, ಫೋನಿನಲ್ಲಿ ಅಳಿಸುವುದು.

ಐಫೋನ್ ತಂದವರಿಗೆ ಎರಡು ಮಾತು. ಅದನ್ನು ಜೋಡಿಸಿದಾಗ ಈ ಕಂಪ್ಯೂಟರನ್ನು ನಂಬುವಿರಾ ಎಂದು ಫೋನೇ ಕೇಳುತ್ತದೆ. "ಟ್ರಸ್ಟ್" ಎಂದು ಒತ್ತಿ ಪಾಸ್‌ಕೋಡ್ ಹಾಕಬೇಕು. 2017ರಿಂದೀಚೆಗೆ ಅದರಲ್ಲಿ ಚಿತ್ರಗಳು ಹೆಚ್.ಇ.ಐ.ಸಿ. ಎಂಬ ಹೊಸ ರೂಪದಲ್ಲಿ ಉಳಿಯುತ್ತವೆ. ಇದು ಜಾಗವನ್ನು ಉಳಿಸುವುದೇನೋ ನಿಜ, ಆದರೆ ಮುದ್ರಣಾಲಯದವರು ಜೆಪೆಗ್ ಕೇಳುತ್ತಾರೆ. ಫೋನಿನ ಸೆಟ್ಟಿಂಗಿನಲ್ಲಿ ಕ್ಯಾಮರಾ, ಫಾರ್ಮ್ಯಾಟ್ಸ್ ಎಂಬಲ್ಲಿಗೆ ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಎಂಬುದನ್ನು ಆರಿಸಿದರೆ ಮುಂದೆ ತೆಗೆಯುವವು ಜೆಪೆಗ್ ಆಗುತ್ತವೆ. ಹಿಂದಿನವುಗಳನ್ನು ನಾವು ಇಲ್ಲಿ ಬದಲಿಸಿಕೊಳ್ಳುತ್ತೇವೆ. ಐಕ್ಲೌಡಿನಲ್ಲಿ ಮೂಲಚಿತ್ರಗಳನ್ನಿಟ್ಟು ಫೋನಿನಲ್ಲಿ ಕಿರುಪ್ರತಿಗಳನ್ನು ಮಾತ್ರ ಉಳಿಸುವ ಏರ್ಪಾಡನ್ನು ಮಾಡಿಕೊಂಡಿದ್ದರೆ, ಕೇಬಲ್ಲಿನಿಂದ ಬರುವಂಥದು ಏನೂ ಅಲ್ಲಿರುವುದಿಲ್ಲ.

ಇದುವರೆಗೆ ಹೇಳಿದ್ದೆಲ್ಲವೂ ಗಾಜು ಒಡೆಯದ ಫೋನಿನ ಸಂಗತಿ. ಒಡೆದ ಫೋನಿನ ಸಂಗತಿಯನ್ನು ನಾವು ಕಲಿತದ್ದು ಹೇಗೆಂದರೆ, ನಮ್ಮ ಹಾಸ್ಟೆಲಿನಲ್ಲಿದ್ದುಕೊಂಡು ಒಂಬತ್ತನೆಯ ತರಗತಿಯಲ್ಲಿ ಓದುವ ಒಬ್ಬ ಹುಡುಗಿಯ ತಾಯಿ ಒಂದು ಶನಿವಾರ ಪೀಣ್ಯದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ನಮ್ಮಲ್ಲಿಗೆ ಬಂದರು. ಅವರು ಗಾರ್ಮೆಂಟ್ಸಿನಲ್ಲಿ ಕೆಲಸಮಾಡುವವರು. ಅವರ ಯಜಮಾನರು ಪೀಣ್ಯದಲ್ಲಿಯೇ ಲೇತ್ ಯಂತ್ರದ ಮೇಲೆ ಕೆಲಸಮಾಡುತ್ತಿದ್ದವರು, ಈಗಿಲ್ಲ. ಸೆರಗಿನಲ್ಲಿ ಸುತ್ತಿ ತಂದಿದ್ದದ್ದು ಅವರ ಫೋನು. ಅದು ಕೆಳಗೆ ಬಿದ್ದು ಗಾಜು ಒಡೆದು, ಚಿತ್ರ ಕಾಣುತ್ತಿದ್ದರೂ ಬೆರಳಿಗೆ ಪರದೆ ಓಗೊಡುತ್ತಿರಲಿಲ್ಲ. ರಿಪೇರಿಯ ಅಂಗಡಿಯವರು ಹೊಸ ಪರದೆಗೆ ಹೇಳಿದ ಹಣ ಹೊಸ ಫೋನಿನ ಅರ್ಧಕ್ಕೆ ಬರುತ್ತಿತ್ತು. ಅದರ ಮೇಲೆ ಒಳಗಿರುವುದು ಉಳಿಯುವುದೋ ಇಲ್ಲವೋ ಹೇಳಲಾರೆವೆಂದಿದ್ದರು. "ಮಗಳು ಹುಟ್ಟಿದಾಗಿನಿಂದ ಅವರು ತೆಗೆದ ಫೋಟೋ ಎಲ್ಲಾ ಇದರಲ್ಲೇ ಇದೆ ಮೇಡಂ. ನಂಬರ್ ನನಗೆ ಗೊತ್ತು. ಒತ್ತಿದರೆ ಒತ್ತೋದಿಲ್ಲ" ಎಂದರು.

ಸಂಖ್ಯೆ ಗೊತ್ತಿದೆ, ಒತ್ತಲಾಗದು. ಒತ್ತದೆ ಲಾಕ್ ತೆರೆಯದು. ಲಾಕ್ ತೆರೆಯದೆ ಕಂಪ್ಯೂಟರಿಗೆ ಏನೂ ಕಾಣದು. ಇಷ್ಟು ಮಾತ್ರ ನಮಗೆ ತಿಳಿಯಿತು, ಮುಂದೆ ತಿಳಿಯಲಿಲ್ಲ. ಆ ದಿನ ನಮ್ಮ ಲಿನಕ್ಸಿನ ಹುಡುಗಿ ಇಲ್ಲಿಯೇ ಇದ್ದಳು. ಅವಳು ತನ್ನ ಚೀಲದಿಂದ ಹೆಬ್ಬೆರಳಿನಷ್ಟು ದೊಡ್ಡದೊಂದು ಒ.ಟಿ.ಜಿ. ಅಡಾಪ್ಟರನ್ನು ತೆಗೆದಳು, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದು ಅಲ್ಪಬೆಲೆಗೆ ಸಿಕ್ಕುವ ವಸ್ತು. ಅದನ್ನು ಫೋನಿನ ರಂಧ್ರಕ್ಕೆ ಹಾಕಿ, ಅದಕ್ಕೆ ಪ್ರಯೋಗಶಾಲೆಯ ಒಂದು ಕಂಪ್ಯೂಟರಿನ ಮೌಸನ್ನು ಸಿಕ್ಕಿಸಿದಳು. ಒಡೆದ ಗಾಜಿನ ಕೆಳಗೆ ಒಂದು ಬಾಣದ ಗುರುತು ಕಾಣಿಸಿಕೊಂಡಿತು. "ಆಂಟಿ, ನಂಬರ್ ಹೇಳಿ" ಎಂದಳು. ತಾಯಿ ಹೇಳಿದರು, ಅವಳು ಮೌಸಿನಿಂದ ಒತ್ತಿದಳು, ಫೋನು ತೆರೆಯಿತು.

ಆದರೆ ಕೆಲಸ ಮುಗಿಯಲಿಲ್ಲ. ಫೋನಿಗೆ ಇರುವ ರಂಧ್ರ ಒಂದೇ. ಅಲ್ಲಿ ಮೌಸ್ ಇದ್ದರೆ ಕೇಬಲ್ಲಿಗೆ ಜಾಗವಿಲ್ಲ. ಮೌಸನ್ನು ತೆಗೆದರೆ "ಫೈಲ್ ಟ್ರಾನ್ಸ್‌ಫರ್" ಎಂಬುದನ್ನು ಒತ್ತುವವರಿಲ್ಲ. ಆದ್ದರಿಂದ ಅವಳು ಮೌಸ್ ಇರುವಾಗಲೇ ಮುಂದಿನದನ್ನೆಲ್ಲ ಸಿದ್ಧಮಾಡಿಕೊಂಡಳು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಪರದೆ ಆರುವ ಕಾಲವನ್ನು ಇರುವುದರಲ್ಲಿ ಹೆಚ್ಚಿನದಕ್ಕೆ ಏರಿಸಿದಳು. ಬಳಿಕ "ಅಬೌಟ್ ಫೋನ್" ಎಂಬಲ್ಲಿ ಬಿಲ್ಡ್ ನಂಬರ್ ಎಂಬುದನ್ನು ಏಳು ಸಲ ಒತ್ತಿದಳು; ಹೀಗೆ ಮಾಡಿದರೆ ಡೆವಲಪರ್ ಆಪ್ಷನ್ಸ್ ಎಂಬ ಮರೆಯಾದ ಪುಟ ತೆರೆಯುತ್ತದೆ. ಅದರಲ್ಲಿ, ಚಾರ್ಜ್ ಆಗುತ್ತಿರುವಷ್ಟು ಕಾಲ ಎಚ್ಚರವಾಗಿರುವಂತೆ "ಸ್ಟೇ ಅವೇಕ್" ಎಂಬುದನ್ನೂ, ಕೇಬಲ್ ಜೋಡಿಸಿದೊಡನೆ ಕೇಳದೆಯೇ ಕಡತಗಳನ್ನು ಕೊಡುವಂತೆ "ಡಿಫಾಲ್ಟ್ ಯು.ಎಸ್.ಬಿ. ಕಾನ್ಫಿಗರೇಷನ್" ಎಂಬಲ್ಲಿ "ಫೈಲ್ ಟ್ರಾನ್ಸ್‌ಫರ್" ಎಂಬುದನ್ನೂ ಆರಿಸಿದಳು. ಇದು ಫೋನಿನ ಲಾಕ್ ತೆರೆದಿರುವಾಗ ಮಾತ್ರ ನಡೆಯತಕ್ಕದ್ದು. ಆದುದರಿಂದಲೇ ಪರದೆಯ ಕಾಲವನ್ನು ಮೊದಲು ಏರಿಸಿದ್ದು. ತರುವಾಯ ಮೌಸನ್ನು ತೆಗೆದು, ಕೇಬಲ್ ಹಾಕಿದಳು. ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ಫೋನಿನ ಹೆಸರು ಬಂತು. ಡಿಸಿಐಎಂ ತೆರೆಯಲು ಒಂದು ನಿಮಿಷದ ಮೇಲೆ ಹಿಡಿಯಿತು. ಆ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಇಳಿದ ಮೇಲೆ ಎಣಿಸಿ, ಗಾತ್ರವನ್ನು ಹೋಲಿಸಿ, ಎರಡು ಪೆನ್ ಡ್ರೈವುಗಳಿಗೆ ತುಂಬಿ ಕೊಟ್ಟೆವು. ಪೆನ್ ಡ್ರೈವುಗಳನ್ನು ಎಕ್ಸ್‌ಫ್ಯಾಟ್ ಎಂಬ ರೂಪದಲ್ಲಿಟ್ಟೆವು. ಲಿನಕ್ಸಿನ ಸ್ವಂತ ರೂಪದಲ್ಲಿಟ್ಟರೆ ಹೊರಗಿನ ಸ್ಟುಡಿಯೋದವರ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಕಡತಗಳ ಪಟ್ಟಿಯಲ್ಲಿ ಎಲ್ಲ ಚಿತ್ರಗಳಿಗೂ ಆ ಶನಿವಾರದ ತಾರೀಖೇ ಬಿದ್ದಿರುವುದನ್ನು ಕಂಡು ತಾಯಿ ಗಾಬರಿಯಾದರು. ಅದು ಇಳಿಸಿಕೊಂಡ ದಿನದ ತಾರೀಖು. ತೆಗೆದ ದಿನ ಚಿತ್ರದ ಒಳಗೇ ಬರೆದಿರುತ್ತದೆ, ಬಹಳ ಫೋನುಗಳಲ್ಲಿ ಕಡತದ ಹೆಸರಿನಲ್ಲಿಯೂ ಇರುತ್ತದೆ ಎಂದು ತೋರಿಸಿಕೊಟ್ಟ ಮೇಲೆ ಸಮಾಧಾನವಾಯಿತು. ಮಗಳು ಮೊದಲ ದಿನ ಪಾಠಶಾಲೆಗೆ ಹೊರಟಾಗ ತಂದೆ ತೆಗೆದ ಚಿತ್ರವನ್ನು ಅವರು ಆ ತಾರೀಖು ಹಿಡಿದೇ ಹುಡುಕಿದರು. ಅದನ್ನು ಸಂಚಿಕೆಯಲ್ಲಿ ಹಾಕಬಹುದೇ ಎಂದು ನಮ್ಮ ಸಮಿತಿಯವರು ಕೇಳಿದ್ದುಂಟು. ನಾವು ಬೇಡವೆಂದೆವು, ನಮ್ಮ ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನೂ ಅವರ ಮುಂದೆಯೇ ಅಳಿಸಿದೆವು.

ಈ ಪ್ರಸಂಗದಿಂದ ಇನ್ನೊಂದು ಸಂಗತಿಯೂ ನಮ್ಮ ಗಮನಕ್ಕೆ ಬಂತು. ಚಿತ್ರದ ಒಳಗೆ ತಾರೀಖು ಇರುವಂತೆ, ಲೊಕೇಷನ್ ತೆರೆದಿಟ್ಟ ಫೋನಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳವೂ ಬರೆದಿರುತ್ತದೆ. ಇಂಥ ಅಕ್ಷಾಂಶ ರೇಖಾಂಶವೆಂದು ಬೀದಿಯ ಮಟ್ಟಿಗೆ ತಿಳಿಯುವಂತಿರುತ್ತದೆ. ಮನೆಯ ಬಾಗಿಲಲ್ಲಿ ಯೂನಿಫಾರಂ ತೊಟ್ಟು ನಿಂತ ಹೆಣ್ಣುಮಗುವಿನ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಯಾರಿಗಾದರೂ ಕಳುಹಿಸಿದರೆ ಮನೆಯ ವಿಳಾಸವನ್ನೂ ಬರೆದುಕೊಟ್ಟಂತೆಯೇ. ಮುದ್ರಣಕ್ಕೆ ನಮಗೆ ಮೂಲಚಿತ್ರ ಬೇಕೆಂದು ಮೇಲೆ ಹೇಳಿದೆವಷ್ಟೆ. ಅವು ನಮ್ಮಲ್ಲಿಗೆ ಬಂದ ಮೇಲೆ ಆ ಬರಹವನ್ನು ತೆಗೆದುಹಾಕಿಯೇ ಮುಂದಕ್ಕೆ ಕಳುಹಿಸುತ್ತೇವೆ. ಬೇರೆಯವರಿಗೆ ಕಳುಹಿಸುವಾಗ ತಂದೆತಾಯಿಗಳು ತಾವೇ ಎಚ್ಚರವಾಗಿರಬೇಕು. ಕ್ಯಾಮರಾದ ಸೆಟ್ಟಿಂಗಿನಲ್ಲಿ ಲೊಕೇಷನನ್ನು ಮುಚ್ಚಿಡುವುದು ಎಲ್ಲಕ್ಕಿಂತ ಸುಲಭ.

ಕೇಬಲ್ಲೇ ಇಲ್ಲದೆ ವೈ-ಫೈಯಿಂದ ಚಿತ್ರಗಳನ್ನು ಕಳುಹಿಸುವ ಕೆ.ಡಿ.ಇ. ಕನೆಕ್ಟ್ ಎಂಬ ಉಪಾಯವೂ ಉಂಟು. ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಅದನ್ನು ಹಾಕಿಕೊಂಡು, ಎರಡೂ ಒಂದೇ ವೈ-ಫೈಯಲ್ಲಿದ್ದರೆ ಸಾಕು. ಹತ್ತಿಪ್ಪತ್ತು ಚಿತ್ರಗಳಿಗೆ ಅದು ಅನುಕೂಲ. ಸಾವಿರಾರು ಚಿತ್ರಗಳಿಗೆ ಕೇಬಲ್ಲೇ ಮೇಲೆಂಬುದು ನಮ್ಮ ಮತ.

ಮುಂದಿನ ಸಂಚಿಕೆಗೆ ಚಿತ್ರ ಕೊಡುವವರು ಯಾವ ಶನಿವಾರವಾದರೂ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬರಬಹುದು. ಫೋನಿನೊಡನೆ ಬಂದ ಕೇಬಲ್ಲನ್ನೂ, ಪ್ರತಿ ಬೇಕಾದವರು ಒಂದು ಪೆನ್ ಡ್ರೈವನ್ನೂ ತರತಕ್ಕದ್ದು; ಲಾಕಿನ ಸಂಖ್ಯೆಯನ್ನು ಮನೆಯಲ್ಲಿ ಮಕ್ಕಳು ಬದಲಿಸಿಲ್ಲವಷ್ಟೇ ಎಂದು ಹೊರಡುವ ಮೊದಲು ನೋಡಿಕೊಳ್ಳತಕ್ಕದ್ದು. ಒ.ಟಿ.ಜಿ. ಅಡಾಪ್ಟರೂ ಒಂದು ಮೌಸೂ ಈಗ ಕಚೇರಿಯ ಆ ಬರಿದಾದ ಕಪಾಟಿನಲ್ಲಿಯೇ ಇವೆ.